ಜೋಡಿ ಫೈರ್‌ವಾಲುಗಳಲ್ಲಿ ಉತ್ತರಾಧಿಕಾರದ ಕ್ರಮ

ದೇವಾಲಯದ ಬಾಗಿಲಲ್ಲಿ ದ್ವಾರಪಾಲಕರು ಇಬ್ಬರು. ಇಬ್ಬರೂ ಏಕಕಾಲದಲ್ಲಿ ಕಾಯತಕ್ಕವರು. ಕಂಪ್ಯೂಟರ್ ಜಾಲದ ಬಾಗಿಲಲ್ಲಿ ನಿಲ್ಲಿಸುವ ಜೋಡಿ ಫೈರ್‌ವಾಲುಗಳ ರೀತಿ ಸಾಮಾನ್ಯವಾಗಿ ಬೇರೆ. ಒಂದು ಯಂತ್ರವು ಬಂದುಹೋಗುವ ಪ್ಯಾಕೆಟ್ಟುಗಳನ್ನು ಪರೀಕ್ಷಿಸುತ್ತಿರುವಾಗ ಇನ್ನೊಂದು ಸುಮ್ಮನೆ ನೋಡುತ್ತಿರುವುದು. ಮೊದಲನೆಯದು ಕೆಟ್ಟೊಡನೆ ಎರಡನೆಯದು ಆ ಸ್ಥಾನಕ್ಕೆ ಬರುವುದು. ಇದಕ್ಕೆ ಫೇಲ್‌ಓವರ್ ಎಂದು ಹೆಸರು. ಎರಡು ಯಂತ್ರಗಳನ್ನು ಕೊಂಡುತಂದ ಮಾತ್ರದಿಂದ ಇದು ಸಿದ್ಧಿಸುವುದಿಲ್ಲ. ಉತ್ತರಾಧಿಕಾರಿಗೆ ಹೆಸರು, ನೆನಪು, ವಿವೇಕ ಎಂಬ ಮೂರೂ ಬೇಕು, ಮೂರನೆಯದೇ ದುರ್ಲಭವಾದುದು. ಇದನ್ನು ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮಿನ ದೃಷ್ಟಾಂತದಿಂದ ವಿವರಿಸಬಹುದು.

ಮೊದಲು ಹೆಸರಿನ ವಿಚಾರ. ಒಂದೇ ವಿಳಾಸವನ್ನು ಹಲವು ಯಂತ್ರಗಳು ಸರದಿಯಾಗಿ ಧರಿಸುವುದಕ್ಕೆ ವಿಆರ್‌ಆರ್‌ಪಿ ಎಂಬ ನಿಯಮಾವಳಿಯು 1998ರಲ್ಲಿ ಪ್ರಕಟವಾಗಿತ್ತು. ಅದರ ಮೇಲೆ ಸಿಸ್ಕೋ ಸಂಸ್ಥೆಯು ಪೇಟೆಂಟಿನ ಹಕ್ಕನ್ನು ಮುಂದಿಟ್ಟುದರಿಂದ ಓಪನ್‌ಬಿಎಸ್‌ಡಿ ಬಳಗದವರು ಕಾರ್ಪ್ ಎಂಬ ಸ್ವತಂತ್ರ ಕ್ರಮವನ್ನು ರಚಿಸಿ, 2004ರ ಮೇ ತಿಂಗಳಿನಲ್ಲಿ ಹೊರಬಂದ 3.5ನೆಯ ಆವೃತ್ತಿಯಲ್ಲಿ ಸೇರಿಸಿದರು. ಇದರಲ್ಲಿ ಎರಡು ಯಂತ್ರಗಳಿಗೂ ತಮ್ಮ ತಮ್ಮ ಸ್ವಂತ ವಿಳಾಸಗಳಿರುವುದಲ್ಲದೆ, ಪಾಲಿನದಾದ ಒಂದು ವಿಳಾಸವೂ ಉಂಟು. ಜಾಲದ ಇತರರು ಬಲ್ಲುದು ಇದನ್ನೇ. ಅಧಿಕಾರದಲ್ಲಿರುವ ಯಂತ್ರವು, ಬೇರೆ ಏರ್ಪಾಡು ಮಾಡದಿದ್ದರೆ, ಸುಮಾರು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತಿರುವುದು. ಈ ಸಾರಿಕೆಗೆ ಇಬ್ಬರೇ ಬಲ್ಲ ಗುಟ್ಟಿನ ಪದದಿಂದ ಮುದ್ರೆಯೊತ್ತಿರುವುದರಿಂದ ಹೊರಗಿನವರು ಅದನ್ನು ಅನುಕರಿಸಲಾರರು. ಮೂರು ಸಾರಿಕೆಗಳಷ್ಟು ಕಾಲ ಸದ್ದಿಲ್ಲದಿದ್ದರೆ ಎರಡನೆಯದು ಪಟ್ಟವೇರುವುದು.

ಹೆಸರು ಬಂದರೆ ಸಾಲದು. ಈ ವ್ಯವಸ್ಥೆಯ ಪಿಎಫ್ ಎಂಬ ಫೈರ್‌ವಾಲು ತಾನು ಒಪ್ಪಿದ ಪ್ರತಿಯೊಂದು ಸಂಪರ್ಕವನ್ನೂ ಪಟ್ಟಿಯಲ್ಲಿ ಬರೆದಿಡುವುದು. ಉತ್ತರವಾಗಿ ಬರುವ ಪ್ಯಾಕೆಟ್ಟನ್ನು ಒಳಗೆ ಬಿಡುವುದು ಆ ಪಟ್ಟಿಯನ್ನು ನೋಡಿಯೇ. ಪಟ್ಟಿಯಿಲ್ಲದ ಉತ್ತರಾಧಿಕಾರಿಗೆ ನಡುವೆ ಬಂದ ಮಾತೆಲ್ಲವೂ ಅಪರಿಚಿತ. ಅದು ನಡೆಯುತ್ತಿದ್ದ ಸಂಪರ್ಕಗಳನ್ನು ತಡೆಯುವುದು. ಆದುದರಿಂದ ಪಿಎಫ್‌ಸಿಂಕ್ ಎಂಬ ಸಾಧನವು ಪಟ್ಟಿಯ ಸೇರ್ಪಡೆ, ತಿದ್ದುಪಡಿ, ಅಳಿಸುವಿಕೆಗಳನ್ನು ಆಗಿಂದಾಗಲೇ ಜೊತೆಯ ಯಂತ್ರಕ್ಕೆ ತಿಳಿಸುತ್ತಿರುವುದು. ಈ ವರ್ತಮಾನಕ್ಕೆ ತನ್ನದೇ ಆದ ಮುದ್ರೆಯಿಲ್ಲ. ಎರಡು ಯಂತ್ರಗಳ ನಡುವೆ ಪ್ರತ್ಯೇಕವಾದ ತಂತಿಯನ್ನೆಳೆದು ಅದರಲ್ಲಿಯೇ ಕಳುಹಿಸುವುದು ಯುಕ್ತ. ಇನ್ನೊಂದು ಮಾತನ್ನು ಮರೆಯಬಾರದು. ಪಿಎಫ್‌ಸಿಂಕ್ ಒಯ್ಯುವುದು ಸಂಪರ್ಕಗಳ ಪಟ್ಟಿಯನ್ನೇ ಹೊರತು ನಿಯಮಗಳ ಕಡತವನ್ನಲ್ಲ. ಒಂದರಲ್ಲಿ ತಿದ್ದಿದ ನಿಯಮವನ್ನು ಇನ್ನೊಂದರಲ್ಲಿಯೂ ತಿದ್ದದಿದ್ದರೆ, ಪಟ್ಟ ಬದಲಾದ ದಿನ ನ್ಯಾಯವೂ ಬದಲಾಗುವುದು.

ಇನ್ನು ವಿವೇಕ. ಮೌನವು ಸಮ್ಮತಿಯ ಲಕ್ಷಣವೆಂದು ಲೋಕದ ಮಾತು. ಇಲ್ಲಿಯಾದರೋ ಮೌನವು ಮರಣದ ಲಕ್ಷಣ. ತೊಡಕೆಲ್ಲವೂ ಇಲ್ಲಿದೆ. ಸಾರುವವನು ಬದುಕಿದ್ದೂ ಸಾರಿಕೆ ತಲುಪದಿರಬಹುದು: ನಡುವಣ ಸ್ವಿಚ್ಚು ಅದನ್ನು ನುಂಗಿರಬಹುದು, ಅಥವಾ ನಿಯಮಗಳನ್ನು ಬರೆದವನು ಕಾರ್ಪ್ ಸಾರಿಕೆಗೆ ಅನುಮತಿ ಕೊಡುವುದನ್ನು ಮರೆತು, ಕಾವಲುಗಾರನೇ ತನ್ನ ಜೊತೆಗಾರನ ದನಿಯನ್ನು ತಡೆದಿರಬಹುದು. ಆಗ ಇಬ್ಬರೂ ತಾವೇ ಒಡೆಯರೆಂದು ಒಂದೇ ವಿಳಾಸವನ್ನು ಧರಿಸುವರು. ಪ್ಯಾಕೆಟ್ಟುಗಳು ಒಮ್ಮೆ ಅತ್ತ, ಒಮ್ಮೆ ಇತ್ತ ಅಲೆಯುವವು. ಒಂದೇ ಯಂತ್ರವಿದ್ದಾಗ ಇಲ್ಲದಿದ್ದ ರೋಗವು ಮದ್ದಿನಿಂದಲೇ ಬಂದಂತಾಗುವುದು.

ಅರ್ಧ ಮರಣವು ಇನ್ನೂ ಸೂಕ್ಷ್ಮವಾದುದು. ಮೊದಲ ಯಂತ್ರದ ಒಳಗಣ ತಂತಿ ಮಾತ್ರ ಕಡಿದರೆ, ಹೊರಗೆ ಅದೇ ಒಡೆಯ, ಒಳಗೆ ಇನ್ನೊಂದು. ಹೊರಗಿನಿಂದ ಬಂದುದು ಒಳಸೇರದೆ ನಿಲ್ಲುವುದು. ಇದಕ್ಕಾಗಿಯೇ ಪ್ರಿಎಂಪ್ಟ್ ಎಂಬ ಏರ್ಪಾಡುಂಟು: ಒಂದು ಮುಖ ಕೆಟ್ಟರೆ ಯಂತ್ರವು ತನ್ನ ಎಲ್ಲ ಮುಖಗಳ ಅರ್ಹತೆಯನ್ನೂ ತಗ್ಗಿಸಿಕೊಂಡು ಅಧಿಕಾರವನ್ನು ಪೂರ್ಣವಾಗಿ ಬಿಟ್ಟುಕೊಡುವುದು. ಆದರೆ ತಂತಿ ನೆಟ್ಟಗಿದ್ದು ಅದರಾಚೆಯ ದಾರಿ ಮುಚ್ಚಿದ್ದರೆ ಕಾರ್ಪಿಗೆ ಅದು ತಿಳಿಯದು. ಅಂತಹ ಪರೀಕ್ಷೆಯನ್ನು ಇಫ್‌ಸ್ಟೇಟೆಡ್ ಎಂಬ ಸಹಾಯಕ ಕ್ರಮಕ್ಕೆ ಬೇರೆಯಾಗಿ ಒಪ್ಪಿಸಬೇಕು.

ಈ ಏರ್ಪಾಡುಗಳು ಸರಿಯೆಂಬುದಕ್ಕೆ ಕಡತವನ್ನು ಓದುವುದು ಪ್ರಮಾಣವಲ್ಲ, ತಾಲೀಮೇ ಪ್ರಮಾಣ. ದೊಡ್ಡದೊಂದು ಕಡತವು ಜಾಲದಲ್ಲಿ ಸಾಗುತ್ತಿರುವಾಗ ಒಡೆಯ ಯಂತ್ರದ ವಿದ್ಯುತ್ತನ್ನು ಕಡಿಯಬೇಕು. ಅನಂತರ ಒಂದೊಂದೇ ತಂತಿಯನ್ನು ಕಿತ್ತು ನೋಡಬೇಕು. ಸಾಗಾಟ ಕ್ಷಣಕಾಲ ತಡೆದು ಮುಂದುವರಿದರೆ ನೆನಪು ಸರಿಯಾಗಿ ಸಂದಿದೆ. ತುಂಡಾದರೆ ಹೆಸರು ಮಾತ್ರ ಸಂದಿದೆ. ಕೆಟ್ಟ ಯಂತ್ರವು ಮರಳಿ ಎದ್ದಾಗ, ಪಟ್ಟಿಯನ್ನು ಪೂರ್ತಿಯಾಗಿ ಪಡೆದ ಬಳಿಕವೇ ಅಧಿಕಾರ ಕೇಳುತ್ತದೆಯೇ ಎಂಬುದನ್ನೂ ಗಮನಿಸಬೇಕು. ನಿಯಮಗಳನ್ನು ತಿದ್ದಿದಾಗಲೆಲ್ಲ ಈ ತಾಲೀಮು ಮರಳಿ ನಡೆಯಬೇಕು. ಎರಡನೆಯ ಕಾವಲುಗಾರನು ಎಚ್ಚತ್ತಿರುವನೋ ನಿದ್ರಿಸುವನೋ ಎಂಬುದು ಮೊದಲನೆಯವನು ಬಿದ್ದ ರಾತ್ರಿಯೇ ತಿಳಿಯುವಂತಾಗಬಾರದು.