ನಿಮಗಿದು ಗೊತ್ತೆ? ಯೆಜ್ಡಿ ದಾರಿಯಲ್ಲಿ ನಿಂತರೆ ಮೊದಲು ಮುಚ್ಚಳ ತೆಗೆಯಿರಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ 250 ಸಿಸಿ ಯೆಜ್ಡಿಗಳನ್ನು ಜತನದಿಂದ ಓಡಿಸುವವರು ಇಂದಿಗೂ ಇದ್ದಾರೆ.

ಪಾಮನಕಲ್ಲೂರಿನಿಂದ ಮಸ್ಕಿಗೋ ಲಿಂಗಸುಗೂರಿಗೋ ಹೊರಟ ಹಳೆಯ ಬೈಕು ಸ್ವಲ್ಪ ದೂರ ಓಡಿ ನಿಂತು, ಕೊಂಚ ಹೊತ್ತಿನ ಬಳಿಕ ಮತ್ತೆ ಚಾಲೂ ಆಗುತ್ತಿದೆಯೆ? ಕಾರ್ಬ್ಯುರೇಟರ್ ಬಿಚ್ಚುವ ಮುನ್ನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಅದರಲ್ಲಿರುವ ಗಾಳಿರಂಧ್ರ ದೂಳು ಕಟ್ಟಿದರೆ ಟ್ಯಾಂಕಿನೊಳಗೆ ಒತ್ತಡ ಕುಸಿದು ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಎಷ್ಟೋ ಒಳ್ಳೆಯ ಕಾರ್ಬ್ಯುರೇಟರ್‌ಗಳು ಇದೊಂದು ತಿಳಿಯದೆ ಬಿಚ್ಚುವವರ ಕೈಯಲ್ಲಿ ಹಾಳಾಗುತ್ತವೆ.

ಮುಂದೆ ಸ್ಪಾರ್ಕ್ ಪ್ಲಗ್ ನೋಡಿ. ತುದಿ ಕಾಫಿಪುಡಿ ಬಣ್ಣದಲ್ಲಿದ್ದರೆ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿರಬಹುದು. ಬೆಳ್ಳಗಿದ್ದರೆ ಗಾಳಿ ಹೆಚ್ಚು. ಹಾಗೆಯೇ ಓಡಿಸಿದರೆ ಪಿಸ್ಟನ್ ಸುಟ್ಟೀತು.

ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಪೆಟ್ರೋಲ್ ಆವಿಯಾಗಿ, ಅದರಲ್ಲಿ ಬೆರೆಸಿದ ಆಯಿಲ್ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್‌ನಲ್ಲಿ ಅಂಟಾಗಿ ಉಳಿಯುತ್ತದೆ. ಅದಕ್ಕೆ ತಂತಿ ಚುಚ್ಚಲೇಬೇಡಿ: ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ತಪ್ಪುತ್ತದೆ. ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆಸಿ. ಈಗಿನ ಎಥೆನಾಲ್ ಮಿಶ್ರಿತ ಪೆಟ್ರೋಲ್ ತೇವ ಹೀರುವುದರಿಂದ, ಬಹುಕಾಲ ನಿಲ್ಲಿಸುವ ಮುನ್ನ ಕಾರ್ಬ್ಯುರೇಟರ್ ಖಾಲಿ ಮಾಡಿಡಿ.