ಬಚ್ಚಲೊಲೆ ಬದಿಯ ಬ್ರೆಡ್ಡು

ಸಿದ್ದಾಪುರ ಕಡೆಯ ನಮ್ಮೂರಿನಲ್ಲಿ ಬ್ರೆಡ್ಡು ಅಂದರೆ ಜ್ವರ ಬಂದವರ ಪಥ್ಯ. ಪೇಟೆಯಿಂದ ಯಾರಾದರೂ ಒಂದು ಪೊಟ್ಟಣ ತಂದರೆ ‘ಯಾರಿಗೆ ಆರಾಮಿಲ್ಲೆ?’ ಎಂದು ಕೇಳುವುದೇ ಮೊದಲು. ಅಂಥ ಮನೆಯಲ್ಲಿ ನಾನು ಜೋನಿ ಬೆಲ್ಲ, ಏಲಕ್ಕಿ ಹಾಕಿ ಬ್ರೆಡ್ಡು ಮಾಡಲು ಹೊರಟೆ. ತೋಟದಲ್ಲಿ ಅಡಿಕೆ ಮರದ ಬುಡದಲ್ಲೇ ಏಲಕ್ಕಿ ಇದೆ, ಆಲೆಮನೆಯಿಂದ ತಂದ ಬೆಲ್ಲದ ಡಬ್ಬ ಅಟ್ಟದಲ್ಲಿದೆ. ಏಲಕ್ಕಿಯ ಒಂದು ಗಿಡವೂ ಬೆಳೆಯದ ಸ್ವೀಡನ್, ಫಿನ್ಲೆಂಡಿನ ಜನ ಅದನ್ನು ಕುಟ್ಟಿ ಹಾಕಿ ಮನೆಮನೆಯಲ್ಲಿ ಸಿಹಿ ಬನ್ನು ಸುಡುತ್ತಾರಂತೆ. ನಮಗೇನು ಧಾಡಿ?

ಮೊದಲ ಸಲ ಹಿಟ್ಟು ಉಬ್ಬಲೇ ಇಲ್ಲ. ಆಷಾಢದ ಮಳೆ, ಥಂಡಿ. ಅದರದ್ದೇ ತಪ್ಪು ಅಂದುಕೊಂಡೆ. ಅತ್ತೆ ಮಾತ್ರ ಬಟ್ಟಲಿಗೆ ಮೂಗು ಒಡ್ಡಿ, “ದಾಲ್ಚಿನ್ನಿ ಎಷ್ಟು ಹಾಕಿದ್ಯೆ ತಂಗಿ?” ಎಂದರು. ಬೆಟ್ಟದಿಂದ ತಂದ ಚಕ್ಕೆ, ಪರಿಮಳಕ್ಕೆ ಆಸೆಪಟ್ಟು ಎರಡು ಚಮಚ ಪುಡಿ ಸುರಿದಿದ್ದೆ. ಯೀಸ್ಟ್ ಜೀವ ಇರುವ ವಸ್ತು. ಸಕ್ಕರೆ ತಿಂದು ಗಾಳಿ ಬಿಡುವುದೇ ಅದರ ಕೆಲಸ. ದಾಲ್ಚಿನ್ನಿಯ ಎಣ್ಣೆ ಹೆಚ್ಚಾದರೆ ಅದು ಸೊರಗುತ್ತದೆ. ಬೆಲ್ಲವನ್ನೂ ಧಾರಾಳವಾಗಿ ಹಾಕಿದ್ದೆ. ಉಪ್ಪಿಗೆ ಹಾಕಿದ ಅಪ್ಪೆಮಿಡಿ ನೀರು ಬಿಟ್ಟು ಮುರುಟುವುದಿಲ್ಲವೇ? ಬೆಲ್ಲ ಮಿತಿಮೀರಿದರೆ ಯೀಸ್ಟಿಗೂ ಅದೇ ಗತಿ.

ಈಗಿನ ನನ್ನ ಲೆಕ್ಕ ಹೀಗಿದೆ: ಕಾಲು ಕಿಲೋ ಮೈದಾ, ಮೂರು ದೊಡ್ಡ ಚಮಚ ಜೋನಿ ಬೆಲ್ಲ, ಒಂದು ಸಣ್ಣ ಚಮಚ ಒಣ ಯೀಸ್ಟ್, ಅರ್ಧ ಚಮಚ ಉಪ್ಪು, ಎಂಟು ಏಲಕ್ಕಿ, ಚೂರು ಜಾಯಿಕಾಯಿ, ಎರಡು ಚಮಚ ತುಪ್ಪ. ದಾಲ್ಚಿನ್ನಿ ಎರಡು ಚಿಟಿಕೆ, ಅಷ್ಟೇ. ಹಾಲು ಸುಮಾರು 125 ಮಿ.ಲೀ., ಉಗುರುಬೆಚ್ಚಗಿರಬೇಕು, ಕುದಿಯುವ ಹಾಲು ಸುರಿದರೆ ಯೀಸ್ಟ್ ಸತ್ತೇಹೋಗುತ್ತದೆ. ಮಳೆಗಾಲದಲ್ಲಿ ಹಿಟ್ಟೇ ತೇವ ಕುಡಿದಿರುತ್ತದೆ, ಹಾಗಾಗಿ ಹಾಲನ್ನು ಒಮ್ಮೆಗೇ ಹಾಕುವುದಿಲ್ಲ. ಮೊದಮೊದಲು ಕೈಗೆ ಹಲಸಿನ ಮೇಣದಂತೆ ಅಂಟುತ್ತದೆ. ಹೆದರಿ ಹಿಟ್ಟು ಸೇರಿಸಬಾರದು. ಹತ್ತು ನಿಮಿಷ ನಾದಿದರೆ ಕಿವಿಯ ಹಾಲೆಯಷ್ಟು ಮೆತ್ತಗಾಗುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಆಗ ಬಲೆಯಾಗಿ ಹೆಣೆದುಕೊಂಡು ಗಾಳಿಯನ್ನು ಹಿಡಿದಿಡುತ್ತದೆ. ಅಕ್ಕಿಗೆ ಆ ಗುಣ ಇಲ್ಲ.

ಉಬ್ಬಲು ಇಡುವ ಜಾಗವನ್ನು ತೋರಿಸಿದ್ದೂ ಅತ್ತೆಯೇ. ಥಂಡಿ ದಿನಗಳಲ್ಲಿ ದೋಸೆ ಹಿಟ್ಟಿನ ಪಾತ್ರೆ ಹೋಗುವುದು ಬಚ್ಚಲೊಲೆಯ ಬದಿಗೆ. ಹಂಡೆಯ ನೀರಿನ ಬಿಸಿಗೆ ಆ ಮೂಲೆ ಸದಾ ಬೆಚ್ಚಗೆ. ಒದ್ದೆ ಬಟ್ಟೆ ಮುಚ್ಚಿಟ್ಟ ಬಟ್ಟಲನ್ನು ಒಂದೂವರೆ ತಾಸಿನ ಮೇಲೆ ಇಣುಕಿ, “ಹಿಟ್ಟು ಬೈಂದು” ಎಂದು ಕೂಗಿದರು. ಎರಡರಷ್ಟಾಗಿತ್ತು. ಬೆರಳು ಒತ್ತಿದರೆ ಗುಳಿ ನಿಧಾನಕ್ಕೆ ಮೇಲೆ ಬರುತ್ತಿತ್ತು. ಗಡಿಯಾರಕ್ಕಿಂತ ಆ ಗುಳಿಯನ್ನೇ ನಾನು ನಂಬುವುದು. ಆಮೇಲೆ ಮೆಲ್ಲಗೆ ಅದುಮಿ, ಉಂಡೆ ಕಟ್ಟಿ, ತುಪ್ಪ ಸವರಿದ ಪಾತ್ರೆಯಲ್ಲಿ ಇನ್ನರ್ಧ ತಾಸು.

ನಮ್ಮಲ್ಲಿ ಓವನ್ ಇಲ್ಲ. ಇದ್ದರೂ ಮಳೆಗಾಲದ ಕರೆಂಟನ್ನು ನಂಬುವವರು ಯಾರು? ಶಿರಸಿಯಲ್ಲಿ ಬಾಡಿಗೆಗಿದ್ದಾಗ ಪಕ್ಕದ ಕೊಂಕಣಿ ಮನೆಯಲ್ಲಿ ತವಸಳಿ ಮಾಡುವುದನ್ನು ನೋಡಿದ್ದೆ. ಸೌತೆಕಾಯಿ ತುರಿ, ಅಕ್ಕಿ ರವೆ, ಬೆಲ್ಲ, ಕಾಯಿತುರಿ ಕಲಸಿ ದಪ್ಪ ತಳದ ಪಾತ್ರೆಗೆ ಹಾಕಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಅದೇ ಉಪಾಯ ಬ್ರೆಡ್ಡಿಗೂ ಒಗ್ಗಿತು. ಬೆಲ್ಲ ಬೇಗ ಕರಕಲಾಗುವುದರಿಂದ ಕೆಳಗೆ ಕೆಂಡ ಕಡಿಮೆ, ಮೇಲೆ ಗೆರಟೆಯ ಕೆಂಡ ಜಾಸ್ತಿ. ಯಲ್ಲಾಪುರದ ಅಕ್ಕ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಷಲ್ ತೆಗೆದು ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸುತ್ತಾಳೆ. ಬೇಯುವುದೇನೋ ಬೇಯುತ್ತದೆ, ಆದರೆ ಮೇಲ್ಮೈ ಬೆಳ್ಳಗೇ ಉಳಿಯುತ್ತದೆ.

ತಳ ತಟ್ಟಿದಾಗ ಟೊಳ್ಳು ಸದ್ದು ಬಂತು. ಬಿಸಿ ಇರುವಾಗ ಕೊಯ್ದರೆ ಒಳಗೆ ಮುದ್ದೆಯಾಗುತ್ತದೆ, ಆರಬೇಕು ಎಂದೆ. ಅಷ್ಟು ಹೊತ್ತು ಸುಮ್ಮನೆ ಕೂರುವ ಪೈಕಿ ಅಲ್ಲ ಅತ್ತೆ. ಮುಚ್ಚಳದ ಮೇಲೆ ಉಳಿದ ಕೆಂಡದಲ್ಲಿ ನಾಲ್ಕು ಹಲಸಿನ ಹಪ್ಪಳ ಸುಟ್ಟುಕೊಂಡರು.