ಪಹಣಿಗೆ ಕಾವಲು

ನಮ್ಮ ಹೊಲದ ಪಹಣಿ ಮೊದಲು ಎಲ್ಲಿತ್ತು? ಗ್ರಾಮಲೆಕ್ಕಿಗರ ಪುಸ್ತಕದಲ್ಲಿ. ಯಾರಾದರೂ ತಿದ್ದಿದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಗಂಡ ತೀರಿಹೋದವಳ ಹೆಸರು ಸೇರಿಸದೆ ಬಿಟ್ಟರೂ ಕೇಳೋರು ಯಾರು?

2000ದ ನಂತರ ‘ಭೂಮಿ’ ಯೋಜನೆ ಊರೂರಿಗೆ ಬಂತು. ಪಹಣಿ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಸೇರಿತು. ಅದರಲ್ಲಿ ಹೆಸರು ಬದಲಿಸಲು ಅಧಿಕಾರಿ ತಮ್ಮ ಬೆರಳು ಒತ್ತಬೇಕು. ಬೇರೆಯವರ ಬೆರಳಿಗೆ ಅದು ತೆರೆಯೋದಿಲ್ಲ. ನಾವು ಹೆಬ್ಬೆಟ್ಟು ಬಿಟ್ಟು ಸಹಿ ಕಲಿತೆವು. ಅಧಿಕಾರಿಗಳು ಬೆರಳು ಒತ್ತೋದು ಕಲಿತರು! ತಿದ್ದಿದವರು ಯಾರು ಅನ್ನೋದೂ ಅಲ್ಲೇ ಉಳಿಯುತ್ತದೆ.

ಆದರೆ ತಪ್ಪು ಬರೆದಿದ್ದರೆ ಕಂಪ್ಯೂಟರ್ ಆ ತಪ್ಪನ್ನೇ ಕಾಯುತ್ತೆ. ಹೆಸರು ಬದಲಾಗುವ ಮುಂಚೆ ನೋಟಿಸು ಹೊರಡುತ್ತೆ. ಅದನ್ನು ನಾವೇ ಓದೋಣ. ಪಹಣಿ ತಂದು ಹೆಸರು, ಸರ್ವೆ ನಂಬರು, ಎಕರೆ-ಗುಂಟೆ ನೋಡೋಣ. ತಪ್ಪಿದ್ದರೆ ತಹಶೀಲ್ದಾರರಿಗೆ ಅರ್ಜಿ ಬರೆಯೋಣ.